ಯೆಪ್ತಾಹನ ಮಗಳ ಕಥೆಯನ್ನು ನಾವು ಸರಿಯಾಗಿ ಓದಿದ್ದೇವೆಯೇ?

ಮಲ್ಲೇಶ್ವರದವಳು

ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 11ನೇ ಅಧ್ಯಾಯದ ಮೇಲೆ ನಮ್ಮ ಕನ್ನಡ ಸಭೆಗಳಲ್ಲಿ (ಚರ್ಚುಗಳಲ್ಲಿ) ಎರಡೇ ಬಗೆಯ ಪ್ರಸಂಗ, ಅಂದರೆ ಉಪದೇಶ, ಕೇಳಿಕೊಂಡು ಬೆಳೆದವಳು ನಾನು. ಒಂದು, ಯೆಪ್ತಾಹ ಕೊಟ್ಟ ಮಾತಿಗೆ ತಪ್ಪಲಿಲ್ಲ, ನೀವೂ ಹರಕೆ ತೀರಿಸಿ. ಇನ್ನೊಂದು, ಆ ಹುಡುಗಿ ಸಾಯಲೇ ಇಲ್ಲ, ಮದುವೆಯಾಗದೆ ದೇವರ ಸೇವೆಯಲ್ಲಿ ಉಳಿದಳು. ನನಗೆ ಎರಡೂ ಒಪ್ಪಿಗೆಯಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ, ಬಲ್ಲವರು ಮಾತಾಡಿ.

ಕಥೆ ಗೊತ್ತಿಲ್ಲದವರಿಗಾಗಿ: ಯೆಪ್ತಾಹ ಗಿಲ್ಯಾದಿನವನು, ವೇಶ್ಯೆಯ ಮಗ. ಆಸ್ತಿಯಲ್ಲಿ ಪಾಲು ಸಿಗಬಾರದು ಅಂತ ಮಲತಮ್ಮಂದಿರು ಅವನನ್ನು ಮನೆಯಿಂದ ಅಟ್ಟುತ್ತಾರೆ. ಟೋಬ್ ಸೀಮೆಗೆ ಹೋಗಿ ಪುಂಡರ ಗುಂಪು ಕಟ್ಟಿಕೊಳ್ಳುತ್ತಾನೆ. ಅಮ್ಮೋನಿಯರು ದಂಡೆತ್ತಿ ಬಂದಾಗ ಊರ ಹಿರಿಯರು ಅವನ ಬಳಿಯೇ ಬಂದು ಕೈಮುಗಿಯುತ್ತಾರೆ. ಗೆದ್ದರೆ ನನ್ನನ್ನೇ ನಾಯಕನನ್ನಾಗಿ ಮಾಡಬೇಕು ಅಂತ ಮೊದಲೇ ಷರತ್ತು ಹಾಕಿ ಬರುತ್ತಾನೆ. ಯುದ್ಧಕ್ಕೆ ಹೊರಡುವಾಗ ದೇವರಿಗೂ ಒಂದು ಷರತ್ತು: ಗೆಲುವು ಕೊಟ್ಟರೆ, ನಾನು ಸುಖವಾಗಿ ಹಿಂದಿರುಗುವಾಗ ನನ್ನ ಮನೆ ಬಾಗಿಲಿನಿಂದ ಯಾವುದು ಎದುರು ಬರುತ್ತದೋ ಅದನ್ನು ಸರ್ವಾಂಗಹೋಮವಾಗಿ (ಪೂರ್ತಿ ಸುಡುವ ಬಲಿಯಾಗಿ) ಅರ್ಪಿಸುತ್ತೇನೆ. ಗೆಲ್ಲುತ್ತಾನೆ. ಮನೆಗೆ ಬರುತ್ತಾನೆ. ದಮ್ಮಡಿ ಬಡಿಯುತ್ತಾ, ಕುಣಿಯುತ್ತಾ ಎದುರು ಬರುವವಳು ಅವನ ಒಬ್ಬಳೇ ಮಗಳು.

ಈಗ ವಚನಗಳನ್ನು ಒಂದೊಂದಾಗಿ ನೋಡಿ. 29ನೇ ವಚನದಲ್ಲಿ ಯೆಹೋವನ ಆತ್ಮ ಅವನ ಮೇಲೆ ಬಂತು ಎಂದಿದೆ. ಹರಕೆ ಬರುವುದು 30ರಲ್ಲಿ. ದೇವರು ಕೊಡಬೇಕಾದ್ದನ್ನು ಆಗಲೇ ಕೊಟ್ಟಾಗಿದೆ. ಆ ಹರಕೆ ಬೇಕೆಂದು ಕೇಳಿದವರು ಯಾರು? ಯಾರೂ ಇಲ್ಲ.

ಮನೆಯಿಂದ ಆಡೋ ಕುರಿಯೋ ಬಂದೀತು ಅಂದುಕೊಂಡಿದ್ದ ಎಂದು ಕೆಲವರು ಸಮಜಾಯಿಷಿ ಕೊಡುತ್ತಾರೆ. ಆ ಕಾಲದ ಮನೆಗಳ ಕೆಳಭಾಗದಲ್ಲಿ ದನಕರು ಕಟ್ಟುತ್ತಿದ್ದರು ಎಂಬುದೇನೋ ಇದೆ. ಆದರೆ ಗೆದ್ದು ಬಂದ ಗಂಡಸರನ್ನು ಎದುರುಗೊಳ್ಳುತ್ತಿದ್ದವರು ಯಾರು? ಕೆಂಪು ಸಮುದ್ರ ದಾಟಿದ ಮೇಲೆ ದಮ್ಮಡಿ ಹಿಡಿದವಳು ಮಿರ್ಯಾಮಳು. ದಾವೀದ ಫಿಲಿಷ್ಟಿಯರನ್ನು ಸೋಲಿಸಿ ಬಂದಾಗ ಊರೂರಿಂದ ಕುಣಿಯುತ್ತಾ ಬಂದವರು ಹೆಂಗಸರು. ಯೋಧನಾದವನಿಗೆ ಈ ಪದ್ಧತಿ ಗೊತ್ತಿಲ್ಲದೆ ಇರುತ್ತದೆಯೇ? ಬಾಗಿಲಿನಿಂದ ಹೊರಗೆ ಬರುವವರು ಮನೆಯ ಹೆಣ್ಣುಮಕ್ಕಳೇ ಎಂದು ಅವನಿಗೆ ತಿಳಿದಿರಲೇಬೇಕು.

ಅವಳನ್ನು ಕಂಡಾಗ ಅವನ ಬಾಯಿಂದ ಬರುವ ಮೊದಲ ಮಾತನ್ನೂ ಗಮನಿಸಿ. ಬಟ್ಟೆ ಹರಿದುಕೊಂಡು, ಅಯ್ಯೋ ಮಗಳೇ, ನೀನು ನನ್ನನ್ನು ಕುಗ್ಗಿಸಿಬಿಟ್ಟೆ, ನನಗೆ ಸಂಕಟ ತಂದೆ ಅನ್ನುತ್ತಾನೆ. ತಪ್ಪು ಅವಳದಂತೆ! ಸಾಯಬೇಕಾದವಳಿಗೆ ಒಂದು ಸಾಂತ್ವನದ ಮಾತಿಲ್ಲ. ಇಂಥವನನ್ನು ಮಾದರಿಯಾಗಿ ತೋರಿಸಿ ನಮ್ಮ ಹೆಣ್ಣುಮಕ್ಕಳ ಮುಂದೆ ಪ್ರಸಂಗ ಮಾಡುವುದು ಹೇಗೆ?

ನಿವೃತ್ತ ಸಭಾಪಾಲಕ

ತಂಗೀ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಈ ಅಧ್ಯಾಯದ ಮೇಲೆ ಪ್ರಸಂಗ ಮಾಡಿದವರಲ್ಲಿ ನಾನೂ ಒಬ್ಬ. ಆದರೂ ಮೂರು ವಿಷಯ ನೀವು ಯೋಚಿಸಬೇಕು.

ಮೊದಲನೆಯದು, ಹರಕೆಯ ಗಾಂಭೀರ್ಯ. ಧರ್ಮೋಪದೇಶಕಾಂಡ 23ರಲ್ಲಿ ಹರಕೆ ಹೊತ್ತ ಮೇಲೆ ತಡ ಮಾಡದೆ ತೀರಿಸು ಎಂದಿದೆ. ಪ್ರಸಂಗಿ 5ರಲ್ಲಿ, ಹರಸಿಕೊಂಡು ತೀರಿಸದೆ ಇರುವುದಕ್ಕಿಂತ ಹರಸಿಕೊಳ್ಳದಿರುವುದೇ ಲೇಸು ಎಂದಿದೆ. 15ನೇ ಕೀರ್ತನೆ, ನಷ್ಟವಾದರೂ ಆಣೆ ತಪ್ಪದವನನ್ನು ಹೊಗಳುತ್ತದೆ. ಎರಡನೆಯದು, ಇಬ್ರಿಯರಿಗೆ ಬರೆದ ಪತ್ರಿಕೆ 11:32ರಲ್ಲಿ ಗಿದ್ಯೋನ, ಬಾರಾಕ, ಸಂಸೋನರ ಜೊತೆ ಯೆಪ್ತಾಹನ ಹೆಸರೂ ನಂಬಿಕೆಯ ವೀರರ ಪಟ್ಟಿಯಲ್ಲಿದೆ. ಪವಿತ್ರಾತ್ಮ ಪ್ರೇರಿತ ವಾಕ್ಯವೇ ಅವನನ್ನು ಎಣಿಸಿರುವಾಗ ನಾವು ತೆಗೆದುಹಾಕುವುದು ಹೇಗೆ?

ಮೂರನೆಯದು, ಅವಳು ಸತ್ತಳು ಎಂದು ವಾಕ್ಯ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಎರಡು ತಿಂಗಳು ಬೆಟ್ಟಗಳಲ್ಲಿ ಅತ್ತದ್ದು ತನ್ನ ಕನ್ಯಾವಸ್ಥೆಗಾಗಿ, ಪ್ರಾಣಕ್ಕಾಗಿ ಅಲ್ಲ. ತಂದೆ ಹರಕೆಯಂತೆ ಮಾಡಿದ ಎಂದ ಕೂಡಲೇ ಅವಳು ಪುರುಷನನ್ನು ಅರಿಯಲಿಲ್ಲ ಎಂದು ಬರುತ್ತದೆ. ಯೆಹೂದಿ ಪಂಡಿತ ದಾವೀದ್ ಕಿಮ್ಹಿ 12-13ನೇ ಶತಮಾನದಲ್ಲೇ ಇದನ್ನು ಹೇಳಿದ್ದಾನೆ: ಮನುಷ್ಯರು ಎದುರು ಬಂದರೆ ದೇವರಿಗೆ ಮೀಸಲು, ಹೋಮಕ್ಕೆ ತಕ್ಕ ಪ್ರಾಣಿ ಬಂದರೆ ಹೋಮ. ಅವಳು ಪ್ರತ್ಯೇಕ ಮನೆಯಲ್ಲಿ ಒಂಟಿಯಾಗಿ ಬದುಕಿದಳು. ನರಬಲಿಯನ್ನು ಅಸಹ್ಯ ಎಂದ ದೇವರ ಜನರಲ್ಲಿ ಇದೇ ಹೊಂದುತ್ತದೆ.

ಮಿಲ್ಲರ್ಸ್ ರೋಡ್ ವಿದ್ಯಾರ್ಥಿ

ಅಯ್ಯನವರು ಕಿಮ್ಹಿಯನ್ನು ತಂದದ್ದು ಒಳ್ಳೆಯದಾಯಿತು. ನಾನು ದೇವಜ್ಞಾನ ಓದುತ್ತಿರುವವನು, ಹಳೆ ಒಡಂಬಡಿಕೆಯೇ ನನ್ನ ವಿಷಯ. ಇಲ್ಲಿ ಕಾಲಕ್ರಮ ಮುಖ್ಯ. ಕಿಮ್ಹಿ ಮನೆತನಕ್ಕಿಂತ ಸಾವಿರ ವರ್ಷ ಮೊದಲು, ಮೊದಲನೇ ಶತಮಾನದಲ್ಲಿ, ಇತಿಹಾಸಕಾರ ಜೋಸೆಫಸ್ ಈ ಕಥೆ ಹೇಳಿದ್ದಾನೆ. ತಂದೆ ಅವಳನ್ನು ಬಲಿ ಕೊಟ್ಟ, ಆ ಬಲಿ ಧರ್ಮಶಾಸ್ತ್ರಕ್ಕೂ ಒಪ್ಪದು, ದೇವರಿಗೂ ಮೆಚ್ಚುಗೆಯಲ್ಲ ಎಂದು ಅವನೇ ಸ್ಪಷ್ಟವಾಗಿ ಬರೆದಿದ್ದಾನೆ. ಮುಂದೆ ಮತಸುಧಾರಕ ಮಾರ್ಟಿನ್ ಲೂಥರ್ ಕೂಡ ಅವಳು ಬಲಿಯಾದಳು ಎಂದೇ ಓದಿದ. ಅವಳು ಬದುಕಿದಳು ಎಂಬುದು ತಡವಾಗಿ ಹುಟ್ಟಿದ ಓದು. ಅದು ಜನಪ್ರಿಯವಾದದ್ದು ಮನಸ್ಸಿಗೆ ಹಿತ ಎಂಬ ಕಾರಣಕ್ಕೆ ಅಂತ ನನಗನ್ನಿಸುತ್ತದೆ. ಸಂಗೀತಗಾರ ಹ್ಯಾಂಡೆಲ್ 1751ರಲ್ಲಿ ಈ ಕಥೆಗೆ ಸಂಗೀತ ಕಟ್ಟಿದಾಗಲೂ ಕೊನೆಗೆ ಒಬ್ಬ ದೇವದೂತನನ್ನು ಕರೆತಂದು ಹುಡುಗಿಯನ್ನು ಉಳಿಸಿದ. ಮೂಲದಲ್ಲಿ ಯಾವ ದೂತನೂ ಇಲ್ಲ.

ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಯೆಪ್ತಾಹನನ್ನು ಬಿಡಲೇ ಇಲ್ಲ. ಆ ಹರಕೆಗೆ ಬೆಲೆಯೇ ಇರಲಿಲ್ಲ ಎಂಬುದು ಅವರ ವಾದ. ಮನುಷ್ಯರು ಹೋಮಕ್ಕೆ ತಕ್ಕ ವಸ್ತುವಲ್ಲ, ಆದ್ದರಿಂದ ಹೆಚ್ಚೆಂದರೆ ಹಣ ಕೊಟ್ಟು ಬಿಡಿಸಬೇಕಿತ್ತು ಎಂದು ಒಬ್ಬ, ಹಣವೂ ಬೇಕಿರಲಿಲ್ಲ ಎಂದು ಇನ್ನೊಬ್ಬ. ಹಾಗಾದರೆ ಬಿಡಿಸಲಿಲ್ಲ ಯಾಕೆ? ಅದಕ್ಕೆ ಅವರು ಒಂದು ಕಥೆ ಹೇಳುತ್ತಾರೆ. ಹರಕೆಯನ್ನು ರದ್ದು ಮಾಡಬಲ್ಲವನು ಫೀನೆಹಾಸ. ನಾನು ಮಹಾಯಾಜಕ, ಆ ಅರಿಯದವನ ಮನೆಗೆ ನಾನು ಹೋಗುವುದೇ ಅಂದನಂತೆ ಅವನು. ನಾನು ಇಸ್ರಾಯೇಲಿನ ನಾಯಕ, ಅವನ ಬಾಗಿಲಿಗೆ ನಾನು ಹೋಗುವುದೇ ಅಂದನಂತೆ ಯೆಪ್ತಾಹ. ಇಬ್ಬರ ಪ್ರತಿಷ್ಠೆಯ ನಡುವೆ ಹುಡುಗಿ ಹೋದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅಂಥದ್ದೇ ಒಂದು ಗಾದೆಯನ್ನು ಅವರೂ ಅಲ್ಲಿ ತಂದಿದ್ದಾರೆ.

ಈ ಕಥೆಯನ್ನು ಪ್ರಶ್ನಿಸುವುದು ಈಗಿನ ಕಾಲದವರ ಚಾಳಿ ಎನ್ನುವವರಿಗೆ ಇದನ್ನು ಹೇಳಬೇಕು. ಪ್ರಶ್ನೆಯೇ ಹಳೆಯದು.

ಶಿವಾಜಿನಗರದ ಹುಡುಗಿ

ನಾನು ಕಥೋಲಿಕಳು. ಹರಕೆ ನಮ್ಮ ಮನೆಯ ಉಸಿರು. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಹಬ್ಬಕ್ಕೆ ಸೇಂಟ್ ಮೇರೀಸ್ ಬೆಸಿಲಿಕಾದ ಮುಂದೆ ಕಾವಿ ಸೀರೆ ಉಟ್ಟು ನಿಂತಿರುವ ಹೆಂಗಸರನ್ನು ನೋಡಿ. ಮಗುವಿನ ಜ್ವರ ಬಿಟ್ಟಿದ್ದಕ್ಕೆ, ಗಂಡನ ಕುಡಿತ ನಿಂತಿದ್ದಕ್ಕೆ, ಮನೆ ಪತ್ರ ಕೈಸೇರಿದ್ದಕ್ಕೆ ಬಂದಿರುತ್ತಾರೆ. ನನ್ನ ಅಮ್ಮ ಅಲ್ಲಿ ಬರಿಗಾಲಲ್ಲಿ ನಿಂತಿದ್ದಾಳೆ, ಉಪವಾಸ ಮಾಡಿದ್ದಾಳೆ, ಮೇಣದಬತ್ತಿ ಹಚ್ಚಿದ್ದಾಳೆ. ಅವಳು ಹರಸಿಕೊಂಡದ್ದೆಲ್ಲ ಅವಳದೇ ಕಾಲು, ಅವಳದೇ ಹೊಟ್ಟೆ. ಹರಕೆಯನ್ನೇ ಹಳಿಯಲು ನನಗೆ ಮನಸ್ಸಿಲ್ಲ.

ಆದರೆ ಅಯ್ಯನವರು "ಅವಳು ಸಾಯಲಿಲ್ಲ, ದೇವರಿಗೆ ಮೀಸಲಾದಳು" ಎಂದದ್ದಕ್ಕೆ ಒಂದು ಮಾತು. ನನ್ನ ಅಜ್ಜ ಕಾಯಿಲೆಯಿಂದ ಎದ್ದರೆ ಹಿರಿಮಗಳನ್ನು ಮಠಕ್ಕೆ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದರು. ದೊಡ್ಡಮ್ಮ ಆಗ ಶಾಲೆಗೆ ಹೋಗುವ ಹುಡುಗಿ. ಅವಳನ್ನು ಯಾರೂ ಕೇಳಲಿಲ್ಲ. ಹೋದಳು, ಬಹಳ ವರ್ಷ ಇದ್ದಳು, ಆಮೇಲೆ ಬಿಟ್ಟು ಬಂದಳು. ಹರಕೆ ಮುರಿದವಳು ಅಂತ ಅಜ್ಜ ಕೊನೆಯವರೆಗೂ ಅವಳ ಕೈಯಿಂದ ನೀರು ಮುಟ್ಟಲಿಲ್ಲ. ಈಗ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ಸ್ವಂತ ಇಚ್ಛೆಯಿಂದ ಮಠ ಸೇರಿದ ಸಿಸ್ಟರುಗಳು ನನ್ನ ಬದುಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಸಂತೋಷ ನಾನು ಕಂಡಿದ್ದೇನೆ. ಅದು ಬೇರೆ, ಇದು ಬೇರೆ. ಕಿಮ್ಹಿ ಹೇಳಿದ್ದೇ ನಿಜ ಅಂತ ಇಟ್ಟುಕೊಂಡರೂ, ಇನ್ನೊಬ್ಬಳ ಬದುಕನ್ನು ಅವಳನ್ನು ಕೇಳದೆ ಕೊಟ್ಟವನು ತಂದೆಯೇ ತಾನೇ? ಅವಳು ಬದುಕಿದ್ದಳು ಅಂದ ಮಾತ್ರಕ್ಕೆ ಪ್ರಶ್ನೆ ಮುಗಿಯಿತೇ?

ಬಸವನಗುಡಿ ಓದುಗ

ನಾನು ಕ್ರೈಸ್ತನಲ್ಲ, ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಸರಿಸಬೇಡಿ. ಬೈಬಲನ್ನು ಕನ್ನಡದಲ್ಲಿ ಓದಿದ್ದೇನೆ, ಈ ಅಧ್ಯಾಯ ಓದಿದಾಗ ನನಗೆ ನೆನಪಾದದ್ದು ನಮ್ಮ ಪುಣ್ಯಕೋಟಿ. ಮಾತಿಗೆ ತಪ್ಪದ ಹಸು ಎಂದು ಅವಳನ್ನು ಮಕ್ಕಳಿಗೆ ಹಾಡಿ ತೋರಿಸುತ್ತೇವೆ. ಹುಲಿಗೆ ಮಾತು ಕೊಟ್ಟಳು, ಕರುವಿಗೆ ಹಾಲೂಡಿಸಿ, ಅದನ್ನು ಅಕ್ಕತಂಗಿಯರ ಕೈಗೆ ಒಪ್ಪಿಸಿ, ಹಿಂದಿರುಗಿ ಬಂದಳು. ತಾನು ಕೊಟ್ಟ ಮಾತಿಗೆ ತನ್ನ ಮೈಯನ್ನೇ ಒಡ್ಡಿದಳು. ಕರುವನ್ನು ಹುಲಿಗೆ ಕೊಟ್ಟು ತಾನು ಸತ್ಯವಂತೆ ಅನಿಸಿಕೊಂಡಿದ್ದರೆ ಆ ಕಥೆಯನ್ನು ಯಾರು ಹಾಡುತ್ತಿದ್ದರು? ಯೆಪ್ತಾಹ ಮಾಡಿದ್ದು ಅದನ್ನೇ. ಮಾತು ಅವನದು, ಕುತ್ತಿಗೆ ಮಗಳದು.

ನಮ್ಮಲ್ಲೂ ಎಲ್ಲ ಕಥೆಯೂ ಪುಣ್ಯಕೋಟಿಯದಲ್ಲ ಎಂಬುದನ್ನೂ ಹೇಳಬೇಕು. ಕೆರೆಯಲ್ಲಿ ನೀರು ಬರಲಿಲ್ಲವೆಂದು ಕಿರಿಸೊಸೆಯನ್ನು ಹಾರವಾಗಿ ಕೊಟ್ಟ ಹಾಡನ್ನು ನಮ್ಮ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡಿಕೊಂಡು ಬಂದರು. ಅಲ್ಲೂ ಹಿರಿಯರು ತೀರ್ಮಾನ ಮಾಡುತ್ತಾರೆ, ಅವಳು ಎದುರಾಡದೆ ಮೆಟ್ಟಿಲಿಳಿಯುತ್ತಾಳೆ. ದಂಡಿನಿಂದ ಬಂದ ಗಂಡ ಸಂಗತಿ ತಿಳಿದು ಅದೇ ಕೆರೆಗೆ ಹಾರುತ್ತಾನೆ. ನನಗೆ ಆಶ್ಚರ್ಯವೆನಿಸುವುದು, ಇಸ್ರಾಯೇಲಿನಲ್ಲೂ ಈ ಕಥೆಯನ್ನು ಉಳಿಸಿಕೊಂಡವರು ಹೆಂಗಸರೇ ಎಂದು ನಿಮ್ಮ ಪುಸ್ತಕವೇ ಹೇಳುತ್ತದಲ್ಲ, ಆ ಕೊನೆಯ ವಚನ. ಅದರ ಬಗ್ಗೆ ಬಲ್ಲವರು ಬರೆಯಿರಿ.

ಕೆ.ಆರ್. ಪುರಂ ತಂದೆ

ನನಗೂ ಇಬ್ಬರು ಹೆಣ್ಣುಮಕ್ಕಳು. ನೇರ ಪ್ರಶ್ನೆ: ಮಗ ಇಸಾಕನನ್ನು ಬಲಿ ಕೊಡಲು ಹೊರಟ ಅಬ್ರಹಾಮನ ಕೈಯನ್ನು ದೇವರು ಹಿಡಿದರಲ್ಲ, ಯೆಪ್ತಾಹನ ಕೈ ಯಾಕೆ ಹಿಡಿಯಲಿಲ್ಲ? ಇಸಾಕನ ಬದಲಿಗೆ ಟಗರು ಸಿಕ್ಕಿತು, ಇವಳ ಬದಲಿಗೆ ಯಾಕೆ ಸಿಗಲಿಲ್ಲ? ದೊಡ್ಡ ಮಗಳು ಇದನ್ನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮಲ್ಲೇಶ್ವರದವಳು

ಇದು ನನ್ನನ್ನೂ ಕೊರೆಯುವ ಪ್ರಶ್ನೆ. ದೇವರು ಯಾಕೆ ಸುಮ್ಮನಿದ್ದರು ಎಂಬುದಕ್ಕೆ ಪುಸ್ತಕ ಉತ್ತರ ಕೊಡುವುದಿಲ್ಲ, ನಾನು ಕೊಡಲೂ ಹೋಗುವುದಿಲ್ಲ. ಆದರೆ ಮನುಷ್ಯರು ಯಾಕೆ ಸುಮ್ಮನಿದ್ದರು ಎಂದು ಕೇಳಲು ಪುಸ್ತಕ ಬಿಡುತ್ತದೆ. ಒಂದನೇ ಸಮುವೇಲ 14 ತೆಗೆಯಿರಿ. ಸಂಜೆಯೊಳಗೆ ಊಟ ಮಾಡಿದವನು ಶಾಪಗ್ರಸ್ತ ಎಂದು ಸೌಲ ಆಣೆ ಇಡುತ್ತಾನೆ. ಅದು ತಿಳಿಯದೆ ಮಗ ಯೋನಾತಾನ ಕೋಲಿನ ತುದಿಯಿಂದ ಜೇನು ನೆಕ್ಕುತ್ತಾನೆ. ನೀನು ಸಾಯಲೇಬೇಕು ಅನ್ನುತ್ತಾನೆ ಅಪ್ಪ. ಆಗ ಜನ ಎದ್ದು ನಿಂತು, ಇವನ ಒಂದು ಕೂದಲೂ ನೆಲಕ್ಕೆ ಬೀಳಬಾರದು ಅಂತ ಅಡ್ಡ ಬರುತ್ತಾರೆ. ಯೋನಾತಾನ ಉಳಿಯುತ್ತಾನೆ. ಆಕಾಶದಿಂದ ಯಾರೂ ಇಳಿದು ಬರಲಿಲ್ಲ, ಜನರೇ ತಡೆದರು. ಯೆಪ್ತಾಹನ ಮಗಳು ಎರಡು ತಿಂಗಳು ಬೆಟ್ಟಗಳಲ್ಲಿದ್ದಳು. ಎರಡು ತಿಂಗಳು! ಅವನನ್ನು ನಾಯಕನನ್ನಾಗಿ ಮಾಡಿದ ಗಿಲ್ಯಾದಿನ ಹಿರಿಯರು ಅಷ್ಟು ದಿನ ಎಲ್ಲಿದ್ದರು?

ಇನ್ನು ಧರ್ಮಶಾಸ್ತ್ರ. ಯಾಜಕಕಾಂಡ 27ರಲ್ಲಿ ಮನುಷ್ಯರನ್ನು ದೇವರಿಗೆ ಹರಸಿಕೊಂಡರೆ ಎಷ್ಟು ಬೆಳ್ಳಿ ಕೊಟ್ಟು ಬಿಡಿಸಬೇಕು ಎಂದು ಪಟ್ಟಿಯೇ ಇದೆ. 5ರಿಂದ 20 ವರ್ಷದೊಳಗಿನ ಹುಡುಗಿಗೆ 10 ಶೆಕೆಲ್, 20ರಿಂದ 60ರ ಹೆಂಗಸಿಗೆ 30. ಅವನು ಶಾಸ್ತ್ರ ತಿಳಿಯದ ಪುಂಡ ಅನ್ನಬೇಡಿ. ಇದೇ ಅಧ್ಯಾಯದಲ್ಲಿ ಅಮ್ಮೋನಿಯರ ಅರಸನಿಗೆ ಅವನು ಕಳಿಸಿದ ಸಂದೇಶ ಓದಿ. ಐಗುಪ್ತದಿಂದ ಹೊರಟದ್ದು, ಎದೋಮ್ ದಾರಿ ಬಿಡದಿದ್ದದ್ದು, ಸೀಹೋನನ ಯುದ್ಧ, 300 ವರ್ಷ ಈ ಊರುಗಳಲ್ಲಿ ನಾವಿದ್ದದ್ದು, ಎಲ್ಲವನ್ನೂ ವಕೀಲನ ಹಾಗೆ ಮಂಡಿಸುತ್ತಾನೆ. ಹಿರಿಯರ ಜೊತೆ ಚೌಕಾಸಿ, ಶತ್ರುವಿನ ಜೊತೆ ಚೌಕಾಸಿ, ದೇವರ ಜೊತೆಯೂ ಚೌಕಾಸಿ. ಮಗಳ ಪ್ರಾಣದ ಹೊತ್ತಿಗೆ ಮಾತ್ರ, ಬಾಯಿ ತೆರೆದು ಹೇಳಿಬಿಟ್ಟೆ, ಹಿಂದೆಗೆಯಲಾರೆ ಅನ್ನುತ್ತಾನೆ. ಜಮೀನಿಗಾಗಿ ಅಷ್ಟು ವಾದಿಸಿದವನು ಇವಳಿಗಾಗಿ ಒಂದು ವಾಕ್ಯವನ್ನೂ ವಾದಿಸಲಿಲ್ಲ. ನನ್ನ ಸಿಟ್ಟೆಲ್ಲ ಇಲ್ಲೇ ಇರುವುದು.

ಮಿಲ್ಲರ್ಸ್ ರೋಡ್ ವಿದ್ಯಾರ್ಥಿ

ಆ ಸಂದೇಶದ 24ನೇ ವಚನ ಇನ್ನೂ ಮುಖ್ಯ. ನಿನ್ನ ದೇವರಾದ ಕೆಮೋಷ್ ಕೊಟ್ಟದ್ದನ್ನು ನೀನು ಇಟ್ಟುಕೋ, ಯೆಹೋವ ಕೊಟ್ಟದ್ದನ್ನು ನಾವು ಇಟ್ಟುಕೊಳ್ಳುತ್ತೇವೆ ಎನ್ನುತ್ತಾನೆ. ಕೆಮೋಷ್ ಮೋವಾಬ್ಯರ ದೇವರು. ಎರಡನೇ ಅರಸುಗಳು 3ರಲ್ಲಿ ಮೋವಾಬಿನ ಅರಸ ಸೋಲು ಕಂಡಾಗ ಪಟ್ಟಕ್ಕೆ ಬರಬೇಕಾದ ಹಿರಿಮಗನನ್ನು ಕೋಟೆಗೋಡೆಯ ಮೇಲೆ ಹೋಮ ಮಾಡುತ್ತಾನೆ. ಯೆಪ್ತಾಹ ಯೆಹೋವನ ಹೆಸರು ಹೇಳುತ್ತಾನೆ, ಆದರೆ ನಡೆದುಕೊಳ್ಳುವುದು ಕೆಮೋಷನ ಮುಂದೆ ನಡೆದುಕೊಳ್ಳುವವರಂತೆ. ಧರ್ಮೋಪದೇಶಕಾಂಡ 12:31 ತಡೆದದ್ದು ಇದನ್ನೇ: ಅವರು ತಮ್ಮ ದೇವರುಗಳಿಗೆ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಬೆಂಕಿಯಲ್ಲಿ ಸುಡುತ್ತಾರೆ, ನೀವು ನನ್ನನ್ನು ಹಾಗೆ ಸೇವಿಸಬಾರದು. ಕಥೆಗಾರ ಇದನ್ನು ಬಿಡಿಸಿ ಹೇಳುವುದಿಲ್ಲ, ಓದುಗ ಕಾಣಲಿ ಎಂದು ಇಟ್ಟಿದ್ದಾನೆ.

ಇಬ್ರಿಯರ ಪಟ್ಟಿಯ ಬಗ್ಗೆ: ಅಲ್ಲಿ ಹೇಳಿರುವುದು ನಂಬಿಕೆಯಿಂದ ರಾಜ್ಯಗಳನ್ನು ಗೆದ್ದರು, ಬಲಹೀನತೆಯಲ್ಲಿ ಬಲ ಹೊಂದಿದರು ಎಂದು. ಹರಕೆಯ ಸೊಲ್ಲೇ ಇಲ್ಲ. ಅದೇ ಸಾಲಿನಲ್ಲಿ ಸಂಸೋನನೂ ಇದ್ದಾನೆ, ದಾವೀದನೂ ಇದ್ದಾನೆ. ದಾವೀದ ಪಟ್ಟಿಯಲ್ಲಿರುವುದರಿಂದ ಅವನು ಮಾಡಿಸಿದ ಊರೀಯನ ಕೊಲೆ ಮಾದರಿಯಾಗುವುದಿಲ್ಲವಲ್ಲ.

ನಿವೃತ್ತ ಸಭಾಪಾಲಕ

ಇಬ್ರಿಯರ ಬಗ್ಗೆ ನೀವು ಹೇಳಿದ್ದು ನ್ಯಾಯ. ಆದರೆ ನನ್ನ ಭಯವನ್ನೂ ಕೇಳಿ. ಹರಕೆ ಮುರಿಯಬಹುದು ಎಂದು ಒಮ್ಮೆ ಕಲಿಸಿದರೆ ಜನ ಎಲ್ಲವನ್ನೂ ಮುರಿಯುತ್ತಾರೆ. ಮದುವೆಯ ಪ್ರತಿಜ್ಞೆ, ಸಭೆಗೆ ಕೊಟ್ಟ ಮಾತು, ಸಾಲದ ಮಾತು. ಇಷ್ಟು ವರ್ಷ ನಾನು ಕಂಡ ಸಂಸಾರಗಳಲ್ಲಿ ಕಣ್ಣೀರು ಬಂದದ್ದು ಮಾತು ಉಳಿಸಿದ್ದರಿಂದಲ್ಲ, ಮುರಿದಿದ್ದರಿಂದ. ಮತ್ತೆ, ಆ ಹುಡುಗಿಯೇ ಅಪ್ಪನಿಗೆ, ನೀನು ಹೇಳಿದಂತೆ ಮಾಡು ಅಂದಳಲ್ಲ? ಅವಳ ವಿಧೇಯತೆಗೆ ಬೆಲೆಯಿಲ್ಲವೇ?

ಶಿವಾಜಿನಗರದ ಹುಡುಗಿ

ಅಯ್ಯನವರೇ, ದೊಡ್ಡಮ್ಮನೂ "ಆಗಲಿ ಅಪ್ಪಾ" ಅಂದಿದ್ದಳು. ಬೇರೇನು ಹೇಳಲು ಅವಳಿಗೆ ದಾರಿ ಇತ್ತು?

ಯೆಪ್ತಾಹನ ಮಗಳ ಮಾತಿನಲ್ಲಿ ಇನ್ನೊಂದು ಭಾಗವೂ ಇದೆ, ಅದನ್ನು ಪ್ರಸಂಗಗಳಲ್ಲಿ ಬಿಟ್ಟುಬಿಡುತ್ತಾರೆ. ಎರಡು ತಿಂಗಳು ನನ್ನನ್ನು ಬಿಡು, ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಿ ಅಳುತ್ತೇನೆ ಅನ್ನುತ್ತಾಳೆ. ತನ್ನ ಕೊನೆಯ ದಿನಗಳನ್ನು ಅಪ್ಪನ ಮನೆಯಲ್ಲಿ ಕಳೆಯಲು ಅವಳಿಗೆ ಮನಸ್ಸಿಲ್ಲ. ಅವಳು ಕೇಳಿಕೊಂಡದ್ದು ಅದೊಂದನ್ನೇ, ಅದನ್ನು ಗೆಳತಿಯರ ಜೊತೆ ಇರುವುದಕ್ಕಾಗಿ ಕೇಳಿಕೊಂಡಳು. ಒಪ್ಪಿಕೊಂಡವಳ ಮಾತು ಮಾತ್ರ ನೆನಪಿಟ್ಟುಕೊಂಡು, ಅಳಬೇಕು ಅಂದವಳ ಮಾತು ಮರೆಯುವುದು ಅನ್ಯಾಯ.

ಮಲ್ಲೇಶ್ವರದವಳು

ಮಾತು ಮುರಿಯುವ ಭಯಕ್ಕೆ ಉತ್ತರ ಇದೇ ಪುಸ್ತಕದ ಕೊನೆಯಲ್ಲಿದೆ, ಅಯ್ಯನವರೇ. 21ನೇ ಅಧ್ಯಾಯ. ಬೆನ್ಯಾಮೀನ ಕುಲಕ್ಕೆ ಹೆಣ್ಣು ಕೊಡುವುದಿಲ್ಲ ಎಂದು ಇಸ್ರಾಯೇಲಿನ ಗಂಡಸರು ಮಿಚ್ಪೆಯಲ್ಲಿ ಆಣೆ ಇಟ್ಟಿದ್ದರು. ಆಮೇಲೆ ಆ ಕುಲ ಅಳಿದು ಹೋಗುತ್ತದಲ್ಲ ಎಂದು ಪಶ್ಚಾತ್ತಾಪವಾಯಿತು. ಏನು ಮಾಡಿದರು? ಶೀಲೋವಿನ ಹಬ್ಬದಲ್ಲಿ ಕುಣಿಯಲು ಬರುವ ಹುಡುಗಿಯರನ್ನು ಹೊತ್ತುಕೊಂಡು ಹೋಗಿ ಎಂದು ಬೆನ್ಯಾಮೀನರಿಗೆ ಹೇಳಿಕೊಟ್ಟರು. ಅಪ್ಪಂದಿರು ತಾವಾಗಿ ಕೊಟ್ಟಂತಾಗಲಿಲ್ಲ, ಆಣೆಯೂ ಮುರಿಯಲಿಲ್ಲ. ಗಂಡಸರ ಕುಲ ಉಳಿಸಬೇಕಾದಾಗ ಆಣೆಗೆ ಉಪಾಯ ಸಿಕ್ಕಿತು. ಒಬ್ಬ ಹುಡುಗಿಯ ಪ್ರಾಣ ಉಳಿಸಬೇಕಾದಾಗ ಸಿಗಲಿಲ್ಲ. ಎರಡೂ ಸಲ ಬೆಲೆ ತೆತ್ತವರು ಕುಣಿಯುತ್ತಾ ಹೊರಬಂದ ಹೆಣ್ಣುಮಕ್ಕಳು. ಅವರವರ ಕಣ್ಣಿಗೆ ಸರಿ ಕಂಡಂತೆ ಎಲ್ಲರೂ ನಡೆದರು ಎಂಬ ವಾಕ್ಯದಿಂದ ಪುಸ್ತಕ ಮುಗಿಯುತ್ತದೆ. ಮಾತು ಉಳಿಸುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಸ್ವಂತ ಮಾತಿಗೆ ಇನ್ನೊಬ್ಬರನ್ನು ಒತ್ತೆ ಇಟ್ಟರೆ ಅದು ದೇವರಿಗೆ ಕೊಟ್ಟ ಮಾತಾಗುವುದೇ ಇಲ್ಲ ಅನ್ನುತ್ತಿದ್ದೇನೆ.

ಬಸವನಗುಡಿಯವರು ಕೇಳಿದ 40ನೇ ವಚನ: ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಹೋಗಿ ಯೆಪ್ತಾಹನ ಮಗಳಿಗಾಗಿ ಪ್ರಲಾಪಿಸುತ್ತಿದ್ದರು. ಬೈಬಲಿನಲ್ಲಿ ಈ ಆಚರಣೆಯ ಸುದ್ದಿ ಇನ್ನೆಲ್ಲೂ ಬರುವುದಿಲ್ಲ. ಅವಳ ಹೆಸರನ್ನು ಪುಸ್ತಕ ಉಳಿಸಲಿಲ್ಲ, ಮೊದಲ ಶತಮಾನದ ಸುಮಾರಿನ ಒಂದು ಯೆಹೂದಿ ಬರಹ ಸೇಯಿಲಾ ಎಂದು ಕರೆದಿದೆ, ಅಷ್ಟೇ. ನನಗೆ ಈ ಅಧ್ಯಾಯದ ನಂಬಿಗಸ್ತರು ಆ ಹೆಣ್ಣುಮಕ್ಕಳು. ಅವರು ಯೆಪ್ತಾಹನ ಗೆಲುವನ್ನು ಹಾಡಲಿಲ್ಲ. ನಮ್ಮ ಸಭೆಗಳಲ್ಲಿ ಹರಕೆಯ ಪ್ರಸಂಗ ಉಳಿದಿದೆ, ಪ್ರಲಾಪ ಬಿಟ್ಟುಹೋಗಿದೆ.

ಕೆ.ಆರ್. ಪುರಂ ತಂದೆ

ಯೋನಾತಾನನ ಕಥೆಯನ್ನು ರಾತ್ರಿ ಮಗಳ ಜೊತೆ ಕೂತು ಓದಿದೆ. ಹಾಗಾದರೆ ಅವಳಿಗೆ ಅಡ್ಡ ಬರಬೇಕಾದವರು ಊರಿನವರು ಅಂದಳು.

ನಿವೃತ್ತ ಸಭಾಪಾಲಕ

ಅವಳು ಬದುಕಿದ್ದಳು ಎಂಬ ಓದನ್ನು ನಾನು ಇನ್ನೂ ಬಿಟ್ಟಿಲ್ಲ. ಆದರೆ ಆ ನಾಲ್ಕು ದಿನದ ಮಾತು ಸರಿ. ಅವಳು ಸತ್ತಿರಲಿ, ಒಂಟಿಯಾಗಿ ಬದುಕಿರಲಿ, ಅವಳಿಗಾಗಿ ಅಳಬೇಕು ಎಂಬುದರಲ್ಲಿ ಭೇದವಿಲ್ಲ, ಅದು ವಾಕ್ಯದಲ್ಲೇ ಇದೆ. ನಾನೀಗ ಹೋಗುವ ಸಭೆಯ ಸ್ತ್ರೀಯರ ಕೂಟದವರು ನಾಲ್ಕು ಸಂಜೆಯ ಓದು ಇಟ್ಟುಕೊಳ್ಳಲು ಒಪ್ಪಿದರೆ ಏನೇನು ಓದಬೇಕೆಂದು ಹೇಳಿ, ಸಭಾಪಾಲಕರ ಹತ್ತಿರ ನಾನೇ ಮಾತಾಡುತ್ತೇನೆ.

ಮಲ್ಲೇಶ್ವರದವಳು

ಖಂಡಿತ. ನ್ಯಾಯಸ್ಥಾಪಕರು ಪುಸ್ತಕವನ್ನೇ ಹಿಡಿಯೋಣ. ಮೊದಲ ಸಂಜೆ 1ನೇ ಅಧ್ಯಾಯದ ಅಕ್ಷಾ, ಅಪ್ಪ ಕಾಲೇಬನ ಹತ್ತಿರ ಬುಗ್ಗೆಗಳನ್ನು ಕೇಳಿ ಪಡೆದವಳು. ಎರಡನೆಯದು 11, ಪೂರ್ತಿ, ಆ ಸಂದೇಶವನ್ನೂ ಬಿಡದೆ. ಮೂರನೆಯದು 19, ಗಿಬೆಯದಲ್ಲಿ ರಾತ್ರಿಯಿಡೀ ಹಿಂಸೆ ಅನುಭವಿಸಿದ ಹೆಂಗಸಿನದು. ಅದನ್ನು ಮಕ್ಕಳಿಲ್ಲದಾಗ ಓದಬೇಕು, ಓದುವವರಿಗೆ ಮೊದಲೇ ಹೇಳಿರಬೇಕು. ಕೊನೆಗೆ 21. ಪ್ರಸಂಗ ಬೇಡ ಅಂತ ನನ್ನ ಕೋರಿಕೆ. ಓದಿದ ಮೇಲೆ ಹೆಂಗಸರು ಮಾತಾಡಲಿ. ಶಿವಾಜಿನಗರದವರೇ, ನಿಮ್ಮ ದೊಡ್ಡಮ್ಮನಿಗೆ ಇಷ್ಟವಿದ್ದರೆ ಅವರೂ ಬರಲಿ, ಮಾತಾಡಲೇಬೇಕೆಂದೇನೂ ಇಲ್ಲ.

ಶಿವಾಜಿನಗರದ ಹುಡುಗಿ

ಕೇಳಿದೆ. ಎರಡನೇ ಸಂಜೆಗೆ ಬರುತ್ತಾಳಂತೆ. 11ನೇ ಅಧ್ಯಾಯದ 34ರಿಂದ 40ರವರೆಗೆ ತಾನೇ ಓದುತ್ತೇನೆ ಅಂದಳು.